ಹಾಸ್ಟೆಲಿನ ರೂಟರೂ ನಾನೂ

ನಾನು ಇತಿಹಾಸದ ವಿದ್ಯಾರ್ಥಿ. ಯಂತ್ರಗಳ ವಿಷಯದಲ್ಲಿ ನನಗಿರುವ ಪರಿಶ್ರಮ ಫ್ಯಾನಿನ ಸ್ವಿಚ್ಚು ಒತ್ತುವುದಕ್ಕಿಂತ ಹೆಚ್ಚಿನದೇನೂ ಅಲ್ಲ. ಆದರೆ ಒಮ್ಮೆ ವಾರ್ಡನ್ನರಿಗೆ ವೈಫೈ ಪಾಸ್‌ವರ್ಡು ಬದಲಾಯಿಸಿಕೊಟ್ಟ ತಪ್ಪಿಗೆ, ಹಾಸ್ಟೆಲಿನ ರೂಟರಿನ ಪಾರುಪತ್ಯವೆಲ್ಲ ನನ್ನ ಕೊರಳಿಗೆ ಬಿತ್ತು.

20 ಮೆಗಾಬಿಟ್ಟಿನ ಒಂದೇ ಸಂಪರ್ಕ, ಅರುವತ್ತು ಮಂದಿ. ರಾತ್ರಿ ಎಂಟಕ್ಕೆ ಅರ್ಧ ಹಾಸ್ಟೆಲು ಸಿನಿಮಾಕ್ಕೆ ಕುಳಿತರೆ, ಉಳಿದರ್ಧಕ್ಕೆ ಮನೆಯವರ ಮಾತು ತುಂಡುತುಂಡಾಗಿ ಕೇಳುತ್ತಿತ್ತು. ಸಂಚಾರವನ್ನು ವರ್ಗಗಳಾಗಿ ವಿಂಗಡಿಸಿ, ಮಾತಿಗೆ ಮೊದಲು ದಾರಿ ಬಿಡುವಂತೆ ರೂಟರಿಗೆ ನಿಯಮ ಬರೆದುಕೊಡಬಹುದೆಂದು ಓದಿ ತಿಳಿದು, ಒಂದು ಭಾನುವಾರ ಕುಳಿತೆ.

ಮೊದಲ ತೊಡಕೆಂದರೆ, ಯಾವ ಪ್ಯಾಕೆಟ್ಟು ಏನನ್ನು ಹೊತ್ತಿದೆಯೆಂದು ತಿಳಿಯುವ ಬಗೆ. ಸಿನಿಮಾ, ಪಾಠ, ಬ್ಯಾಂಕು, ಬಹುಮಟ್ಟಿಗೆ ಎಲ್ಲವೂ 443ನೆಯ ಪೋರ್ಟಿನಲ್ಲಿಯೇ, ಗೂಢಲಿಪಿಯ ಮುಸುಕು ಹಾಕಿಕೊಂಡು ಬರುತ್ತವೆ. ಪ್ಯಾಕೆಟ್ಟಿನ ನೆತ್ತಿಯ ಮೇಲೆ ಅದರ ದರ್ಜೆಯನ್ನು ಬರೆಯಲು ಆರು ಬಿಟ್ಟುಗಳ ಜಾಗವನ್ನು 1998ರಲ್ಲಿಯೇ ಗೊತ್ತುಮಾಡಿದ್ದಾರೆ; ಮಾತಿಗೆ 46 ಎಂಬ ಗುರುತು ರೂಢಿ. ಆದರೆ ಹೊರಗಿನಿಂದ ಬಂದವು ನಮ್ಮ ಬಾಗಿಲು ಸೇರುವಷ್ಟರಲ್ಲಿ ಆ ಗುರುತು ಅಳಿಸಿರುವುದೇ ಹೆಚ್ಚು. ಆದುದರಿಂದ ಗಾತ್ರವನ್ನು ಹಿಡಿದೆ. ಮಾತಿನ ಪ್ಯಾಕೆಟ್ಟು ಸಣ್ಣದು, ಸಾಮಾನ್ಯವಾಗಿ 300 ಬೈಟುಗಳೊಳಗೆ. ಚಿತ್ರದ್ದು ಹಲವು ವೇಳೆ ಸಾವಿರ ಮುಟ್ಟುತ್ತದೆ. ಸಣ್ಣವಕ್ಕೆ ಮೊದಲ ವರ್ಗ, ದೊಡ್ಡವಕ್ಕೆ ಕೊನೆಯದು. ಒಟ್ಟು ವೇಗಕ್ಕೆ 18ರ ಕಡಿವಾಣ ಹಾಕಿದೆ. ಇಲ್ಲದಿದ್ದರೆ ಪ್ಯಾಕೆಟ್ಟುಗಳ ಸಾಲು ನಿಲ್ಲುವುದು ಕಂಪನಿಯವರ ಪೆಟ್ಟಿಗೆಯಲ್ಲಿ. ಅಲ್ಲಿ ನಮ್ಮ ನಿಯಮವನ್ನು ಕೇಳುವವರಾರು?

ಆ ರಾತ್ರಿ ಎಲ್ಲರ ಮಾತೂ ಸ್ವಚ್ಛವಾಗಿ ಕೇಳಿತು. ಐದು ದಿನ ನಾನು ಜಂಬದಿಂದ ಓಡಾಡಿದೆ. ಆರನೆಯ ದಿನ, ಬಿಜಾಪುರದ ಕಡೆಯವನಾದ ನೆರೆಕೋಣೆಯ ಗೆಳೆಯ, ವಿಡಿಯೋ ಕರೆಯಲ್ಲಿ ಚಿತ್ರ ನಿಂತುನಿಂತು ಬರುತ್ತದೆಯೆಂದ.

"ಮಾತು ಕೇಳುತ್ತದಲ್ಲ, ಚಿತ್ರ ಯಾಕಯ್ಯಾ?" ಎಂದೆ.

"ನಮ್ಮವ್ವಗ ಕಿವಿ ಕೇಳಂಗಿಲ್ಲೋ. ಕೈಸನ್ನೀಲೇ ಮಾತಾಡ್ತಾಳ" ಎಂದ.

ಐದು ದಿನವೂ ಆ ತಾಯಿಯ ಕೈ ಅರ್ಧ ಮಾತಿನಲ್ಲಿ ನಿಂತುಹೋಗುತ್ತಿತ್ತಂತೆ. ಬಳೆಯ ಸದ್ದು ಮಾತ್ರ, ನನ್ನ ನಿಯಮದ ಕೃಪೆಯಿಂದ, ಬಹು ಸ್ಪಷ್ಟವಾಗಿ ಬರುತ್ತಿತ್ತು.

ಕೂಡಲೆ ಅವನ ಫೋನಿನ ವಿಳಾಸಕ್ಕೆಂದೇ ಒಂದು ನಿಯಮ ಬರೆದೆ. ಫಲವಾಗಲಿಲ್ಲ. ನಮ್ಮ ರೂಟರು ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಹೊಂದಿದ್ದೇ ಪ್ರಮಾಣ, ಮುಂದಕ್ಕೆ ನೋಡುವುದಿಲ್ಲ. ನಾನು ಹೊಸದನ್ನು ಎಲ್ಲಕ್ಕಿಂತ ಕೆಳಗೆ ಸೇರಿಸಿದ್ದೆ! ಮೇಲಕ್ಕೆ ತಂದೆ. ಎರಡು ದಿನ ಸರಿಯಿತ್ತು, ಮತ್ತೆ ಅದೇ ಗೋಳು. ಫೋನು ತನ್ನ ವಿಳಾಸವನ್ನೇ ಬದಲಾಯಿಸಿಕೊಂಡಿತ್ತು. ಗುಟ್ಟು ಕಾಯಲೆಂದು ಈಗಿನ ಕೆಲವು ಫೋನುಗಳು ಹಾಗೆ ಮಾಡುತ್ತವೆ. ಅದನ್ನೂ ನಿಲ್ಲಿಸಿದ್ದಾಯಿತು. ಇನ್ನು ಅವನ ಸಿನಿಮಾಕ್ಕೂ ಅಗ್ರಪೂಜೆ ಸಲ್ಲುತ್ತದೆಂದು ಇಬ್ಬರು ಗೊಣಗಿದರು. ಗೊಣಗಲಿ.

ಆ ರಾತ್ರಿ ಗೆಳೆಯ ನನ್ನನ್ನು ಫೋನಿನ ಮುಂದೆ ಎಳೆದು ನಿಲ್ಲಿಸಿದ. ಅವನ ತಾಯಿ ಐದು ಬೆರಳು ಕೂಡಿಸಿ ಬಾಯಿಯ ಬಳಿ ತಂದು, ಹುಬ್ಬೇರಿಸಿದರು. "ಆಯ್ತವ್ವಾ!" ಎಂದು ಗಟ್ಟಿಯಾಗಿ ಕೂಗಿಬಿಟ್ಟೆ. ಆಮೇಲೆ ನಾಚಿ, ತಲೆಯಾಡಿಸಿದೆ.