ಸಫೊಕ್ ಹೊಲದಲ್ಲಿ ಸಿಕ್ಕಿದ ಉಗುರುಕಡ್ಡಿ

ಪೂರ್ವ ಇಂಗ್ಲೆಂಡಿನ ಸಫೊಕ್ ಸೀಮೆಯಲ್ಲಿ ಸೆಪ್ಟೆಂಬರ್ ತಿಂಗಳು ಮೆಟಲ್ ಡಿಟೆಕ್ಟರ್ ಹಿಡಿದವರಿಗೆ ಸುಗ್ಗಿ. ಗೋಧಿ ಕೊಯ್ಲಾಗಿ ಹೊಲದಲ್ಲಿ ಕೂಳೆ ಮಾತ್ರ ಉಳಿದಿರುತ್ತದೆ. ಮುಂದಿನ ಬಿತ್ತನೆಯಾಗುವವರೆಗೆ, ಹೊಲದ ಒಡೆಯ ಒಪ್ಪಿದರೆ, ದಿನವಿಡೀ ಹುಡುಕಬಹುದು. ಅಲ್ಲಿನ ಊರೊಂದರ ಹಿರಿಯರೊಬ್ಬರ ಬೆನ್ನು ಹಿಡಿದು ನಾನೂ ಹೊಲಕ್ಕಿಳಿದೆ. ಕಾಲಿಗೆ ಜಿಗುಟು ಜೇಡಿಮಣ್ಣು, ತಲೆಯ ಮೇಲೆ ಬಾನಾಡಿಗಳ ಹಾಡು.

ಡಿಟೆಕ್ಟರಿನ ತುದಿಯ ತಟ್ಟೆಯೊಳಗೆ ತಂತಿಯ ಸುರುಳಿ ಇದೆ. ಅದರ ಕಾಂತಕ್ಷೇತ್ರ ನೆಲದೊಳಗಿನ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿ ಎಬ್ಬಿಸುತ್ತದೆ, ಯಂತ್ರ ಅದನ್ನು ದನಿಯಾಗಿಸುತ್ತದೆ. ಕಬ್ಬಿಣವಾದರೆ ಗೊರಗೊರ, ತಾಮ್ರ ಬೆಳ್ಳಿಯಾದರೆ ಕೀರಲು. ಬೆಳಗ್ಗೆಯೆಲ್ಲ ಸಿಕ್ಕಿದ್ದು ಪಾನೀಯದ ಡಬ್ಬಿಯ ಉಂಗುರ, ಬಂದೂಕಿನ ತೋಟಾ. ಊಟದ ಹೊತ್ತು ಮೀರಿದ ಮೇಲೆ ಒಂದು ಚೊಕ್ಕ ದನಿ ಕೇಳಿತು. ಗೇಣುದ್ದವೂ ಅಗೆಯಬೇಕಾಗಲಿಲ್ಲ. ಹೆಂಟೆಯನ್ನು ಬೆರಳಿನಲ್ಲೇ ಪುಡಿ ಮಾಡಿದಾಗ ಉಳಿದದ್ದು ಪಾಚಿಹಸಿರಿನ ಪುಟ್ಟ ಕಡ್ಡಿ. ನನ್ನ ಕಿರುಬೆರಳಿಗಿಂತ ಗಿಡ್ಡ. ಮೇಲುತುದಿಯಲ್ಲಿ ದಾರ ಪೋಣಿಸುವಷ್ಟು ತೂತು. ಕೆಳತುದಿ ಎರಡಾಗಿ ಕವಲೊಡೆದಿದೆ. ಮೈಮೇಲೆ ಯಾರೋ ಅರದಲ್ಲಿ ಗೀರಿದ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದವು.

"ಉಗುರಿನ ಕೊಳೆ ತೆಗೆಯುವ ಕಡ್ಡಿ, ರೋಮನ್ನರ ಕಾಲದ್ದು" ಎಂದರು ಹಿರಿಯರು.

ಕ್ರಿ.ಶ. 43ರಲ್ಲಿ ರೋಮನ್ ಸೇನೆ ಬ್ರಿಟನ್ನಿಗೆ ಬಂದಿಳಿಯಿತು. ಸುಮಾರು 410ರ ಹೊತ್ತಿಗೆ ಆ ಆಳ್ವಿಕೆ ಮುಗಿಯಿತು. ಆ ಕಾಲದ ಜನ ಉಗುರುಕಡ್ಡಿ, ರೋಮ ಕೀಳುವ ಚಿಮಟ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ ಮೂರನ್ನೂ ಒಂದೇ ಬಳೆಗೆ ಪೋಣಿಸಿ ಇಟ್ಟುಕೊಳ್ಳುತ್ತಿದ್ದರು. ಅಜ್ಜನ ಎಲೆಯಡಿಕೆ ಸಂಚಿಯ ದಾರದಲ್ಲಿ ಮುಳ್ಳುಚಿಮಟ, ಗುಗ್ಗೆಕಡ್ಡಿ ಜೋತಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆರಗಿನ ಸಂಗತಿ ಬೇರೆಯೇ ಇದೆ. ಹೀಗೆ ಕವಲುತುದಿಯ ಉಗುರುಕಡ್ಡಿ ಬ್ರಿಟನ್ನಿನಲ್ಲಿ ಸಿಗುವಷ್ಟು ಸಾಮ್ರಾಜ್ಯದ ಬೇರೆ ಕಡೆ ಸಿಗುವುದಿಲ್ಲ. ಗೆದ್ದವರ ನಾಜೂಕನ್ನು ಇಲ್ಲಿನವರು ತಮ್ಮದೇ ಬಗೆಯಲ್ಲಿ ರೂಢಿಸಿಕೊಂಡಿದ್ದರು! ಚಕ್ರವರ್ತಿಗಳ ಶಾಸನದಲ್ಲಿ ಇಂಥದ್ದು ಬರೆದಿರುವುದಿಲ್ಲ.

ಹಿರಿಯರು ಕಡ್ಡಿಯನ್ನು ಉಜ್ಜಲಿಲ್ಲ, ತೊಳೆಯಲೂ ಇಲ್ಲ. ಸಿಕ್ಕ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡು ಚೀಲಕ್ಕೆ ನಂಬರು ಬರೆದರು. ಇಂಗ್ಲೆಂಡಿನಲ್ಲಿ 1997ರಿಂದ ಸಾರ್ವಜನಿಕರಿಗೆ ಸಿಕ್ಕ ಪುರಾತನ ವಸ್ತುಗಳನ್ನು ದಾಖಲಿಸುವ ವ್ಯವಸ್ಥೆ ಇದೆ. ದಾಖಲಾದ ವಸ್ತುಗಳು 15 ಲಕ್ಷ ದಾಟಿವೆ. ಬಂಗಾರ ಬೆಳ್ಳಿಯ ನಿಧಿಯನ್ನು ತೋರಿಸುವುದು ಕಾನೂನಿನ ಕಟ್ಟಳೆ. ಇಂಥ ಕಂಚಿನ ಕಡ್ಡಿಯನ್ನು ಜನ ಬಹುಮಟ್ಟಿಗೆ ಸ್ವಂತ ಇಚ್ಛೆಯಿಂದ ತಂದು ತೋರಿಸುತ್ತಾರೆ. ನಕ್ಷೆಯ ಮೇಲೆ ಅಂಥ ಚುಕ್ಕೆಗಳು ಒಂದೆಡೆ ಸೇರಿದರೆ, ಗೋಡೆಯ ಕುರುಹೂ ಇಲ್ಲದ ಹೊಲದಡಿ ಒಂದು ಊರು ಇದ್ದಿರಬಹುದೆಂದು ತಿಳಿಯುತ್ತದೆ.

ಇದೇ ಸಫೊಕ್‌ನಲ್ಲಿ ಹಾಕ್ಸನ್ ಎಂಬ ಹಳ್ಳಿ ಇದೆ. 1992ರ ನವೆಂಬರ್ 16ರಂದು ಎರಿಕ್ ಲಾಸ್ ಎಂಬವರು ಅಲ್ಲಿನ ಹೊಲದಲ್ಲಿ ಗೆಳೆಯನ ಕಳೆದುಹೋದ ಸುತ್ತಿಗೆ ಹುಡುಕುತ್ತಿದ್ದರು. ಸಿಕ್ಕಿದ್ದು ರೋಮನ್ನರ ಕಾಲದ ಬೆಳ್ಳಿಯ ಚಮಚ, ಬಂಗಾರದ ಸರ, ರಾಶಿ ನಾಣ್ಯ. ಅವರು ಪೂರ್ತಿ ಅಗೆಯಲಿಲ್ಲ. ಕೈ ತಡೆದು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಮರುದಿನವೇ ಪುರಾತತ್ವದವರು ಬಂದು ಜೋಪಾನವಾಗಿ ಬಿಡಿಸಿದರು. ಸುಮಾರು 15,000 ನಾಣ್ಯ, ಕೊಳೆತ ಓಕ್ ಪೆಟ್ಟಿಗೆಯ ಕುರುಹು, ಒಳಪೆಟ್ಟಿಗೆಗಳಿಗೆ ಹಾಕಿದ್ದ ಪುಟಾಣಿ ಬೆಳ್ಳಿ ಬೀಗಗಳು! ಆ ಮನುಷ್ಯ ಆತುರಪಟ್ಟಿದ್ದರೆ ಪೆಟ್ಟಿಗೆಯ ಕಥೆಯೇ ಮಣ್ಣುಪಾಲಾಗುತ್ತಿತ್ತು. ಸುತ್ತಿಗೆಯೂ ಸಿಕ್ಕಿತು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆ ನಿಧಿಯ ಮುಂದೆ ಬಹಳ ಹೊತ್ತು ನಿಂತೆ. ಜನ ಬಂಗಾರದ ಕಡೆ ನೋಡುತ್ತಿದ್ದರು. ನನ್ನ ಕಣ್ಣು ಕಿತ್ತುಬರದೆ ನೆಟ್ಟಿದ್ದು ಬೆಳ್ಳಿಯ ಹಲ್ಲುಕಡ್ಡಿ, ಗುಗ್ಗೆಕಡ್ಡಿಗಳ ಮೇಲೆ. ಒಂದು ಹಲ್ಲುಕಡ್ಡಿಗೆ ಉದ್ದ ಕೊಕ್ಕಿನ ಹಕ್ಕಿಯ ರೂಪ. ಕೊಕ್ಕೇ ಹಲ್ಲುಸಂದಿಗೆ ಹೋಗುವ ಮೊನೆ. ಪಕ್ಕದಲ್ಲೇ ಹೆಂಗಸಿನ ಆಕಾರದ ಬೆಳ್ಳಿಯ ಮೆಣಸಿನ ಡಬ್ಬಿ. ತಳದ ಬಿಲ್ಲೆ ತಿರುಗಿಸಿದರೆ ಪುಡಿ ಉದುರಲು ದಾರಿಯಾಗುತ್ತದೆ. ರೋಮನ್ನರ ಊಟಕ್ಕೆ ಕರಿಮೆಣಸು ಹೋಗುತ್ತಿದ್ದದ್ದು ನಮ್ಮ ಮಲಬಾರ್ ತೀರದಿಂದ. ಘಟ್ಟದ ಬಳ್ಳಿಯ ಖಾರ ಸಫೊಕ್‌ನ ಊಟದ ಮೇಜಿನವರೆಗೆ ಹಡಗೇರಿ ಬಂದಿತ್ತೆಂದು ಎಣಿಸಿ ಮೈ ಜುಮ್ಮೆಂದಿತು.

ಶ್ರೂಸ್‌ಬರಿ ಬಳಿಯ ರಾಕ್ಸಿಟರ್‌ನಲ್ಲಿ ರೋಮನ್ ಸ್ನಾನಗೃಹದ ಗೋಡೆ ಇಂದಿಗೂ 7 ಮೀಟರ್ ಎತ್ತರ ನಿಂತಿದೆ. ಅಲ್ಲಿನ ಪ್ರದರ್ಶನದಲ್ಲಿ 50ಕ್ಕೂ ಹೆಚ್ಚು ಚಿಮಟಗಳಿವೆ. ಬೇರೆಡೆ ಸ್ನಾನಗೃಹವೊಂದರ ಮೇಲೆಯೇ ವಾಸವಿದ್ದ ರೋಮನ್ ದಾರ್ಶನಿಕ ಸೆನೆಕ, ಕಂಕುಳ ಕೂದಲು ಕೀಳುವವನು ಗಿರಾಕಿಯನ್ನು ಕೂಗಿ ಕರೆಯುವ ಗದ್ದಲದ ಬಗ್ಗೆ ಪತ್ರವೊಂದರಲ್ಲಿ ದೂರಿದ್ದಾನೆ. ಆ ಕೀಳುವವನು ಬಾಯಿ ಮುಚ್ಚುವುದು ಕೂದಲು ಕೀಳುವಾಗ ಮಾತ್ರವಂತೆ, ಆಗ ಗಿರಾಕಿ ಕಿರುಚುತ್ತಾನೆ! ಚಿಮಟಗಳ ಸಾಲು ನೋಡುತ್ತ ನಿಂತರೆ ಆ ಬೊಬ್ಬೆ ಕೇಳಿದ ಹಾಗಾಗುತ್ತದೆ. ಅನುಮತಿಯಿಲ್ಲದೆ ಇಂಥ ರಕ್ಷಿತ ತಾಣದಲ್ಲಿ ಡಿಟೆಕ್ಟರ್ ಬಳಸುವುದು ಅಪರಾಧ. ಅದು ಸರಿಯೇ.

2003ರಲ್ಲಿ ಲಂಡನ್ನಿನ ಸದಕ್ ಭಾಗದಲ್ಲಿ ನಡೆದ ಉತ್ಖನನದಲ್ಲಿ ಮುಚ್ಚಳ ಭದ್ರವಾಗಿದ್ದ, ರೋಮನ್ನರ ಕಾಲದ ತವರದ ಕರಡಿಗೆಯೊಂದು ದೊರೆಯಿತು. ಒಳಗೆ ಬಿಳಿಯ ಕ್ರೀಮ್: ಪ್ರಾಣಿಕೊಬ್ಬು, ಪಿಷ್ಟ, ತವರದ ಆಕ್ಸೈಡ್. ಕ್ರೀಮ್ ಬಳಸಿದವರ ಬೆರಳಿನ ಗುರುತು ಸಹ ಅದರಲ್ಲಿತ್ತು, ಸುಮಾರು 1,800 ವರ್ಷ ಮಾಸದೆ.

ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ಸಿಕ್ಕಿವೆ. 1947ರಲ್ಲಿ ಅಲ್ಲಿ ಉತ್ಖನನ ಮಾಡಿಸಿದ ಪುರಾತತ್ವಜ್ಞ ಮಾರ್ಟಿಮರ್ ವೀಲರ್, ಅದಕ್ಕೆ ಮೊದಲು ಇಂಗ್ಲೆಂಡಿನ ರೋಮನ್ ಪಟ್ಟಣ ವೆರುಲೇಮಿಯಂ ಅಗೆಸಿದ್ದವರು. ನಮ್ಮಲ್ಲಿ ಕಾನೂನಿನ ಪ್ರಕಾರ ಹೂತ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಪಾಯ ತೆಗೆಯುವಾಗಲೋ ನೇಗಿಲ ಸಾಲಿನಲ್ಲೋ ಹಳೆಯ ಲೋಹದ ಚೂರು ಕಂಡರೆ ಹುಣಸೆಹುಳಿ ಹಾಕಿ ತಿಕ್ಕಬೇಡಿ, ಅಕ್ಕಸಾಲಿಗರಲ್ಲಿಗೆ ಒಯ್ಯಬೇಡಿ. ಸಿಕ್ಕ ಜಾಗಕ್ಕೊಂದು ಗೂಟ ಹೊಡೆದು, ಮೊದಲು ಪುರಾತತ್ವ ಇಲಾಖೆಯವರನ್ನು ಕರೆಸಿ.