ಶಾಲೆಯ ತಪಾಸಣೆ, ಬ್ಯಾಂಕಿನವನ ಲೆಕ್ಕ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಇನ್‌ಸ್ಪೆಕ್ಷನ್ ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಸಾಹೇಬರು ಬರುವ ದಿನ ಬ್ರಾಂಚು ಮದುವೆ ಮನೆ. ಮರುದಿನ ಎಲ್ಲ ಯಥಾಪ್ರಕಾರ. ಶಾಲೆಗಳಲ್ಲೂ ಹೀಗೇ. ಹಾರ, ಚಹಾ, ಸ್ವಾಗತ ಗೀತೆ... ತಪಾಸಣೆ ಮುಗಿಯಿತು.

ಮದ್ದು ಕಾನೂನಿನಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ, ಪಾಲಿಕೆ ಶಾಲೆಗಳಿಗೆಲ್ಲ ಒಂದು ಸಮಿತಿ ಬೇಕು. ಅದರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು. ಕರ್ನಾಟಕದಲ್ಲಂತೂ ಎಸ್‌ಡಿಎಂಸಿ 2001ರಿಂದಲೇ ಇದೆ. ಆದರೆ ಎಷ್ಟೋ ಕಡೆ ಸಮಿತಿ ಅಂದರೆ ಸಹಿ ಹಾಕುವುದು, ಅಷ್ಟೆ.

ಇಲ್ಲಿ ಮುಂಬಯಿಯಲ್ಲಿ ಪಾಲಿಕೆಯ ಒಂದು ಕನ್ನಡ ಶಾಲೆಯ ಪೋಷಕರು "ಸ್ವಲ್ಪ ಲೆಕ್ಕ ನೋಡಿ ಸರ್" ಅಂತ ಕರೆದರು. ನಾನು ನೋಡಿದ್ದು ಮೂರೇ: ಹಾಜರಿ ಪುಸ್ತಕ, ಊಟ ಮಾಡಿದವರ ಸಂಖ್ಯೆ, ಬೆಂಚಿನ ಮೇಲಿನ ತಲೆಗಳು. ಮೂರೂ ತಾಳೆಯಾಗಬೇಕು. ಊಟ ಅಲ್ಲೇ ಬೇಯಿಸುವ ಶಾಲೆಯಾದರೆ ಅಕ್ಕಿಯನ್ನೂ ನೋಡಬಹುದು. ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ, 40 ಮಕ್ಕಳಿಗೆ 4 ಕಿಲೋ.

ಪುಸ್ತಕದಲ್ಲಿ 62 ಹೆಸರು, ಬೆಂಚಿನಲ್ಲಿ 38 ಮಕ್ಕಳು!

ಕಳ್ಳಲೆಕ್ಕ ಅಂತ ಬರೆದರೆ ರಿಪೋರ್ಟು ಮುಗಿಯುತ್ತಿತ್ತು. ಆದರೆ ನಿಯಮ ನೋಡಿ: ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಆ ಎರಡು ಹೆಸರಿನ ಮೇಲೆ ಒಂದು ಹುದ್ದೆ ನಿಂತಿತ್ತು. ಸುಳ್ಳು ಸುಳ್ಳೇ, ಹಾಗಂತ ಬೀಗ ಹಾಕಿದರೆ ಆ 38 ಮಕ್ಕಳು ಎಲ್ಲಿಗೆ ಹೋಗಬೇಕು?

ಸಮಿತಿಯ ನಾಲ್ವರು ತಾಯಂದಿರು ಎರಡು ಭಾನುವಾರ ಮನೆಮನೆ ತಿರುಗಿದರು. ಉಳಿದ 24ರಲ್ಲಿ 11 ಮಕ್ಕಳು ಕಟ್ಟಡ ಕೆಲಸದ ಅಪ್ಪ-ಅಮ್ಮನ ಜೊತೆ ಕಲಬುರಗಿ, ಯಾದಗಿರಿ ಕಡೆ ವಾಪಸ್. 7 ಮಕ್ಕಳು ಇಂಗ್ಲಿಷ್ ಮೀಡಿಯಂ ಪಾಲು. 6 ಮಕ್ಕಳು ಇಲ್ಲೇ ಇದ್ದರು, ತಮ್ಮ-ತಂಗಿಯರನ್ನು ನೋಡಿಕೊಳ್ಳುತ್ತ! ಆ ಚಿಕ್ಕವರನ್ನು ಅಂಗನವಾಡಿಗೆ ಸೇರಿಸಿದ ಮೇಲೆ ನಾಲ್ವರು ಶಾಲೆಗೆ ಮರಳಿದರು. ಯಾವ ಸಾಹೇಬರ ತಪಾಸಣೆಗೆ ಇದು ಸಿಗುತ್ತಿತ್ತು, ಹೇಳಿ?

ಈಗ ತಿಂಗಳ ಮೊದಲ ಶನಿವಾರ ಸಭೆ. ಮೂರು ಲೆಕ್ಕ, ಆಮೇಲೆ ಒಂದೇ ಪ್ರಶ್ನೆ: ಹೋದ ಸಲ ಬರೆದದ್ದು ಆಯಿತೇ? ಯಾರು, ಯಾವ ತಾರೀಖಿನೊಳಗೆ ಮಾಡಬೇಕು ಅನ್ನುವುದು ನಡಾವಳಿ ಪುಸ್ತಕದಲ್ಲಿ ಇರಲೇಬೇಕು. ಹೆಡ್‌ಮಾಸ್ತರರಿಗೂ ಹಗುರಾಗಿದೆ, ಸುಳ್ಳು ಕಾಯುವ ಕೆಲಸ ತಪ್ಪಿತಲ್ಲ.

ಪುಸ್ತಕದಲ್ಲೀಗ 42 ಹೆಸರು, ಅಷ್ಟೂ ನಿಜ. ಮೂರನೆಯ ಹುದ್ದೆ ಉಳಿಯುವುದು ಕಷ್ಟ. ಜೂನ್ ಒಳಗೆ 19 ಮಕ್ಕಳು ಬೇಕು. ನಿಮ್ಮ ಬಿಲ್ಡಿಂಗಿನ ವಾಚ್‌ಮನ್, ಮನೆಕೆಲಸದವರು ನಮ್ಮ ಕಡೆಯವರಾದರೆ ಒಂದು ಮಾತು ಕೇಳಿ ನೋಡಿ: ಮಗು ಶಾಲೆಗೆ ಹೋಗುತ್ತಿದೆಯೇ?