ಘಾಟಿಯಲ್ಲಿ ಯಾವ ಹಾಡು?

ಬೇರೆ ಕಡೆ ‘ಮೇಲೆ ಹೋದರು’ ಎಂದರೆ ತೀರಿಕೊಂಡರು ಎಂದರ್ಥ. ನಮ್ಮ ಕಾವೂರಿನಲ್ಲಿ ಹಾಗಲ್ಲ. ಪಕ್ಕದ ಮನೆಯವರು ಮೇಲೆ ಹೋಗಿದ್ದಾರೆ ಎಂದರೆ ಘಟ್ಟ ಹತ್ತಿದ್ದಾರೆ, ಎರಡು ದಿನ ಬಿಟ್ಟು ಬರುತ್ತಾರೆ ಎಂದಷ್ಟೇ. ಬೆಂಗಳೂರಿನ ಕೆಲಸ, ಮೂಡಿಗೆರೆಯ ಮದುವೆ, ಹಾಸನದ ಪರೀಕ್ಷೆ ಎಲ್ಲವೂ ನಮಗೆ ‘ಮೇಲೆ’. ಮೇಲಿನವರಿಗೂ ನಮ್ಮಲ್ಲಿ ಕೆಲಸವಿದೆ. ಮಲೆನಾಡಿನ ಹಳ್ಳಿಗಳಲ್ಲಿ ‘ಮಂಗಳೂರಿಗೆ ಹೋಗಿದ್ದಾರೆ’ ಎಂದರೆ, ‘ಯಾರಿಗೆ ಹುಷಾರಿಲ್ಲ?’ ಎಂಬುದೇ ಮುಂದಿನ ಪ್ರಶ್ನೆ. ಅವರ ದೊಡ್ಡಾಸ್ಪತ್ರೆಗಳು ಇರುವುದು ಘಟ್ಟದ ಕೆಳಗೆ.

ನಾನು ಪಿಎಚ್.ಡಿ. ಮಾಡುತ್ತಿರುವುದು ಕ್ಯಾಸೆಟ್ ಕಾಲದ ಕನ್ನಡ ಹಾಡುಗಳ ಬಗ್ಗೆ. ಹಾಗಾಗಿ ಸ್ನೇಹಿತರು ಚಾರ್ಮಾಡಿಗೋ ಆಗುಂಬೆಗೋ ಹೊರಟರೆ, ‘ದಾರಿಗೆ ಹಾಡು ಹಾಕಿಕೊಡು’ ಎಂದು ಪೆನ್‌ಡ್ರೈವ್ ಕೊಡುತ್ತಾರೆ. ಅವರು ಕೇಳುವುದು ಹೆಚ್ಚುಕಡಿಮೆ ಒಂದೇ ಬಗೆಯದು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯ ನಂತರ ನಮ್ಮ ತಲೆಮಾರಿಗೆ ಮಂಜು, ಮಳೆ, ತಿರುವು ಕಂಡ ಕೂಡಲೇ ಮನೋಮೂರ್ತಿಯವರ ರಾಗ, ಜಯಂತ ಕಾಯ್ಕಿಣಿ ಮತ್ತು ಯೋಗರಾಜ ಭಟ್ಟರ ಸಾಲುಗಳು ತಾವಾಗಿ ನೆನಪಾಗುತ್ತವೆ. ಆಗುಂಬೆಗೆ ಹೋಗುವವರು ‘ಮಾಲ್ಗುಡಿ ಡೇಸ್’ನ ಶೀರ್ಷಿಕೆ ಸಂಗೀತ ಬೇಕು ಅನ್ನುತ್ತಾರೆ. ಶಂಕರ್‌ನಾಗ್ ಆ ಧಾರಾವಾಹಿ ಚಿತ್ರೀಕರಿಸಿದ ಊರಿಗೆ ಎಲ್. ವೈದ್ಯನಾಥನ್ ಸಂಯೋಜಿಸಿದ ಆ ಪುಟ್ಟ ರಾಗವನ್ನು ಕೇಳುತ್ತಾ ಹದಿನಾಲ್ಕು ತಿರುವು ಹತ್ತುವುದು ಸುಖವೇ ಹೌದು. ಎರಡನ್ನೂ ನಾನು ಸಂತೋಷದಿಂದ ತುಂಬಿಸಿ ಕೊಡುತ್ತೇನೆ.

ಆದರೆ ಕಳೆದ ವರ್ಷ ನಾನು ಚಾರ್ಮಾಡಿ ಘಾಟಿಯನ್ನು ಆರು ಸಲ ಹತ್ತಿ ಇಳಿದದ್ದು ಸುತ್ತಾಟಕ್ಕಲ್ಲ. ಅಮ್ಮನ ಅಣ್ಣ, ನನ್ನ ಮಾವ, ಕೊಟ್ಟಿಗೆಹಾರದ ಆಚೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಅವರಿಗೆ ಮಂಗಳೂರಿನಲ್ಲಿ ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ. ಹಿಂದಿನ ದಿನ ನಾನು ಹೋಗಿ ಕರೆದುಕೊಂಡು ಬರುವುದು, ಮುಗಿದ ಮೇಲೆ ನಾಲ್ಕು ದಿನ ಕಾವೂರಿನ ನಮ್ಮ ಮನೆಯಲ್ಲಿ ಉಳಿಸಿಕೊಂಡು ಮತ್ತೆ ಬಿಟ್ಟು ಬರುವುದು. ಬಂಟ್ವಾಳ, ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿಯವರೆಗೆ ಒಂದು ಲೋಕ. ಅಲ್ಲಿಂದ ಕೊಟ್ಟಿಗೆಹಾರದವರೆಗಿನ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಇನ್ನೊಂದು.

ಮೊದಲ ಸಲ ನಾನು ಅವರಿಗಾಗಿ ಹಾಡು ಆರಿಸಿಟ್ಟಿದ್ದೆ. ಮೈಸೂರು ಅನಂತಸ್ವಾಮಿಯವರ 1978ರ ‘ನಿತ್ಯೋತ್ಸವ’, ಸಿ. ಅಶ್ವತ್ಥರ ಶರೀಫರ ಹಾಡುಗಳು, ಜೊತೆಗೆ ಕಾಳಿಂಗ ನಾವಡರ ಭಾಗವತಿಕೆ. ನಾವಡರು 1990ರಲ್ಲಿ, ಮೂವತ್ತೆರಡೇ ವರ್ಷಕ್ಕೆ, ರಸ್ತೆ ಅಪಘಾತದಲ್ಲಿ ಹೋದವರು. ಅವರ ದನಿ ಕ್ಯಾಸೆಟ್ಟುಗಳಲ್ಲಿ ಉಳಿದು ಬಸ್ಸು, ಲಾರಿ, ಗೂಡಂಗಡಿಗಳಲ್ಲಿ ವರ್ಷಗಟ್ಟಲೆ ತಿರುಗಿತು. ಮಾವನ ತೋಟದ ಕೋಣೆಯಲ್ಲಿ ಅಂಥ ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ಟು ಇದೆ. ನನ್ನ ಸಂಶೋಧನೆಯ ಮೊದಲ ಸಂಗ್ರಹವೂ ಅದೇ.

ಬೆಳ್ತಂಗಡಿಯವರೆಗೆ ಮಾವ ತಾಳ ಹಾಕುತ್ತಾ ಕೂತಿದ್ದರು. ಚಾರ್ಮಾಡಿ ಊರು ದಾಟಿ ಏರು ಶುರುವಾಯಿತು.

“ಅದನ್ನೊಮ್ಮೆ ಬಂದ್ ಮಾಡು ಮಾರಾಯ.”

“ಯಾಕೆ ಮಾವ, ತಲೆನೋವಾ?”

“ತಲೆನೋವಲ್ಲ. ಘಾಟಿಯಲ್ಲಿ ಗಾಡಿಯ ಶಬ್ದ ಕೇಳಬೇಕು.”

ಇದು ಅವರ ಪ್ರಾಯದವರ ನಿಯಮ. ಎಷ್ಟು ಕಾಲದಿಂದ ತೋಟದ ಜೀಪು ಓಡಿಸಿದವರು! ಏರುವಾಗ ಇಂಜಿನ್ ಉಸಿರುಗಟ್ಟುವ ಮೊದಲೇ ಗೇರ್ ಇಳಿಸಬೇಕು, ಅದು ಕಿವಿಗೆ ಗೊತ್ತಾಗುತ್ತದೆ. ಇಳಿಯುವಾಗ ಯಾವ ಗೇರಿನಲ್ಲಿ ಹತ್ತಿದ್ದೆಯೋ ಅದೇ ಗೇರಿನಲ್ಲಿ ಇಳಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಬಂದರೆ ಅದು ಕಾದು ಹಿಡಿಯುವುದಿಲ್ಲ. ಕುರುಡು ತಿರುವಿನಲ್ಲಿ ಹಾರ್ನ್ ಹಾಕು, ಆಚೆಯದನ್ನು ಕೇಳಿಸಿಕೋ, ಏರುವವನಿಗೆ ದಾರಿ ಬಿಡು. ಇವೆಲ್ಲ ಅವರು ಕಿಟಕಿಯಾಚೆ ನೋಡುತ್ತಲೇ ಹೇಳಿದ್ದು.

ಹಾಡು ನಿಲ್ಲಿಸಿದ ಮೇಲೆ ನನಗೆ ಘಾಟಿ ಕೇಳಿಸಿತು. ಇಷ್ಟು ವರ್ಷ ನಾನು ಅದನ್ನು ನೋಡಿದ್ದೆ ಮಾತ್ರ. ಕಿಟಕಿ ಇಳಿಸಿದರೆ ಜೀರುಂಡೆಯ ಶ್ರುತಿ ತಪ್ಪದೆ ಬರುತ್ತದೆ. ಪ್ರತಿ ಮಡಿಕೆಯಲ್ಲೂ ಒಂದು ನೀರು, ಅದರ ಸದ್ದು ತಿರುವಿಗೆ ಬರುವ ಮೊದಲೇ ಏರಿ, ದಾಟಿದೊಡನೆ ಗುಡ್ಡದ ಹಿಂದೆ ಕಡಿದುಹೋಗುತ್ತದೆ. ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ಗಾಡಿಗಳು ನಿಧಾನವಾಗುತ್ತವೆ, ಗಂಟೆ ಕೇಳುತ್ತದೆ, ಚಿಲ್ಲರೆ ಬೀಳುವ ಸದ್ದೂ ಕೇಳುತ್ತದೆ. ಆಮೇಲೆ ದೂರದಿಂದ ಆಂಬುಲೆನ್ಸ್. ಗುಡ್ಡಗಳ ನಡುವೆ ಅದು ಎಲ್ಲಿಂದ ಬರುತ್ತಿದೆ, ಎಷ್ಟು ಹತ್ತಿರವಿದೆ ಎಂದು ತಿಳಿಯುವುದಿಲ್ಲ. ಎರಡು ತಿರುವು ಮೇಲಿದ್ದಾಗಲೇ ಮಾವ, “ಬದಿಗೆ ಹಾಕು, ಕೆಳಗೆ ಹೋಗುವವ ಬರ್ತಾನೆ” ಅಂದರು. ಅದರೊಳಗಿದ್ದವರಿಗೆ ಈ ದಾರಿ ಚಂದವೋ ಅಲ್ಲವೋ!

2019ರ ಆಗಸ್ಟಿನಲ್ಲಿ ಭೂಕುಸಿತವಾಗಿ ಇದೇ ಘಾಟಿ ವಾರಗಟ್ಟಲೆ ಮುಚ್ಚಿತ್ತು. ಅದರ ಹಿಂದಿನ ಆಗಸ್ಟಿನಲ್ಲಿ ಮಡಿಕೇರಿಯ ದಾರಿಯಲ್ಲಿ ಜೋಡುಪಾಲದ ಗುಡ್ಡ ಕುಸಿದಿತ್ತು. ಶಿರಾಡಿಯೂ ಮಳೆಗಾಲದಲ್ಲಿ ಯಾವಾಗ ನಿಲ್ಲುತ್ತದೋ ಹೇಳಲಾಗದು. ನಾವು ಕಿಟಕಿಯಿಂದ ಫೋಟೋ ತೆಗೆಯುವ ಆ ಜಲಪಾತಗಳು ರಸ್ತೆ ಕಡಿದ ಗುಡ್ಡದೊಳಗಿಂದಲೇ ಹರಿದು ಬರುವ ನೀರು. ಮಣ್ಣು ಸಡಿಲಾಗುವುದೂ ಅದರಿಂದಲೇ. ಚೆಲುವು ಮತ್ತು ಅಪಾಯಕ್ಕೆ ಇಲ್ಲಿ ಬೇರೆಬೇರೆ ಮೂಲವಿಲ್ಲ.

ಮೂರನೆಯ ಕೀಮೋದ ನಂತರ ಮಾವನಿಗೆ ಯಾವ ಸದ್ದೂ ಸೇರುತ್ತಿರಲಿಲ್ಲ, ಬಯಲು ದಾರಿಯಲ್ಲೂ ಹಾಡು ಬೇಡವೆಂದರು. ಸುಮ್ಮನಿರಲಾಗದೆ ನಾನು ರೇಡಿಯೋ ಹಚ್ಚಿದೆ, ದನಿ ತಗ್ಗಿಸಿ. ಆಕಾಶವಾಣಿ ಮಂಗಳೂರು ಘಾಟಿಯ ಬುಡದಲ್ಲಿ ಗೊರಗೊರ ಅನ್ನತೊಡಗಿತು. ಎಫ್‌ಎಂ ತರಂಗ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುವಂಥದ್ದು, ಗುಡ್ಡ ಅಡ್ಡ ಬಂದರೆ ನಿಂತುಬಿಡುತ್ತದೆ. ಹಳೆಯ ಮೀಡಿಯಂ ವೇವ್ ನೆಲವನ್ನು ತಬ್ಬಿಕೊಂಡು ಹೋಗುತ್ತಿತ್ತು. ಅದಕ್ಕೇ 1976ರಲ್ಲಿ ಶುರುವಾದ ನಮ್ಮ ನಿಲಯದ ಯಕ್ಷಗಾನ ಘಟ್ಟದ ಮೇಲಿನ ತೋಟದ ಲೈನುಗಳಲ್ಲೂ ಕೇಳುತ್ತಿತ್ತು ಎಂದು ಮಾವ ಕಣ್ಣುಮುಚ್ಚಿಕೊಂಡೇ ವಿವರಿಸಿದರು. ಅಂದು ದಾರಿಯಲ್ಲಿ ಅವರು ಆಡಿದ ಮಾತು ಅಷ್ಟೇ. ನಾನು ಪ್ರಬಂಧದ ಟಿಪ್ಪಣಿಯಲ್ಲಿ ಬರೆದುಕೊಂಡೆ.

ಘಾಟಿಯ ತಲೆಯಲ್ಲಿ ಅರಣ್ಯ ಇಲಾಖೆಯ ವಿಶ್ರಾಂತಿಗೃಹವೊಂದಿದೆ, ಹೆಸರು ‘ಮಲಯ ಮಾರುತ’. ಹಳೆಯ ಕವಿಗಳ ಪಾಲಿಗೆ ಅದು ಶ್ರೀಗಂಧದ ಮಲಯಪರ್ವತದಿಂದ ಬೀಸುವ ತೆಂಕಣ ಗಾಳಿ. ಕರ್ನಾಟಕ ಸಂಗೀತದಲ್ಲಿ ಬೆಳಗಿನ ಹೊತ್ತಿನ ರಾಗ. 1986ರಲ್ಲಿ ವಿಷ್ಣುವರ್ಧನ್ ಅಭಿನಯದ ಸಂಗೀತಮಯ ಸಿನಿಮಾ ಕೂಡ. ಆ ಫಲಕ ಕಂಡರೆ ಮಾವ ಸೀಟಿನಲ್ಲಿ ನೆಟ್ಟಗೆ ಕೂರುತ್ತಿದ್ದರು. ಕೆಳಗಿನ ಸೆಕೆ ಅಲ್ಲಿಗೆ ಮುಗಿಯಿತು. ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿದರೆ ಒಂದು ನೀರುದೋಸೆ, ಕೆಲವು ಸಲ ಅರ್ಧ. ಎಷ್ಟು ಒಳಗೆ ಹೋಯಿತು ಎಂದು ಅಮ್ಮನಿಗೆ ಫೋನು ಮಾಡಿ ಹೇಳಬೇಕಿತ್ತು.

ಈಗ ಸ್ನೇಹಿತರು ಪೆನ್‌ಡ್ರೈವ್ ಕೊಟ್ಟರೆ ಹಾಡು ತುಂಬಿಸಿಯೇ ಕೊಡುತ್ತೇನೆ. ಜೊತೆಗೆ ಒಂದು ಮಾತು ಸೇರಿಸುತ್ತೇನೆ: ಚಾರ್ಮಾಡಿಯವರೆಗೆ ಕೇಳಿ, ಕೊಟ್ಟಿಗೆಹಾರದಿಂದ ಮುಂದೆ ಮತ್ತೆ ಹಾಕಿ, ನಡುವಿನ ಮುಕ್ಕಾಲು ಗಂಟೆ ಕಿಟಕಿ ಇಳಿಸಿಡಿ. ಕೆಲವರು ನಗುತ್ತಾರೆ. ಒಬ್ಬಳು ಮಾತ್ರ ಮರುದಿನ, “ಆಂಬುಲೆನ್ಸ್ ಮೂರು ಬಂತು, ದಾರಿ ಬಿಟ್ಟೆವು” ಎಂದು ಸಂದೇಶ ಕಳಿಸಿದ್ದಳು.

ಆರನೆಯದು ಮುಗಿದಿದೆ. ಮುಂದಿನ ಸ್ಕ್ಯಾನ್ ಜುಲೈಯಲ್ಲಿ, ಅಂದರೆ ನಡುಮಳೆಗಾಲದಲ್ಲಿ. ಘಾಟಿ ತೆರೆದಿದ್ದರೆ ಚಾರ್ಮಾಡಿ, ಇಲ್ಲದಿದ್ದರೆ ಸುತ್ತು ಬಳಸಿ ಶಿರಾಡಿ. ಮೊನ್ನೆ ಮಾವ ಫೋನು ಮಾಡಿದ್ದರು. ಈ ಸಲ ನಾವಡರ ಜೊತೆ ಬಲಿಪ ನಾರಾಯಣ ಭಾಗವತರದ್ದೂ ಹಾಕಿಕೋ, ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಒಂದು ಪ್ರಸಂಗ ಕೇಳಬಹುದು ಎಂದರು. ದನಿಯಲ್ಲಿ ಸ್ವಲ್ಪ ಬಲ ಬಂದಿತ್ತು. ಹುಡುಕುತ್ತಿದ್ದೇನೆ.